ಒತ್ತಿದ್ದಕ್ಕೆಲ್ಲ ದುಡ್ಡು

ಕೌದಿ ಹೊಲಿಯುವವಳಿಗೆ ಜಾಹೀರಾತು ಯಾಕೆ ಎಂದು ನನ್ನನ್ನು ಕೇಳದವರಿಲ್ಲ. ಕೇಳಿದವರೆಲ್ಲ ಗಂಡಸರು. ಅವರಲ್ಲಿ ಒಬ್ಬರೂ ತಮ್ಮ ಕಾಳಿನ ಅಂಗಡಿಗೆ ಅಷ್ಟು ದೊಡ್ಡ ಬೋರ್ಡು ಯಾಕೆ ಎಂದು ಕೇಳಿಕೊಂಡವರಲ್ಲ. ಆ ದಿನಗಳನ್ನು ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ. ಉರಿ ಆರುವ ಮೊದಲೇ ಬರೆದಿಡೋಣ ಎಂದು ಕೂತಿದ್ದೇನೆ.

ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಓಣಿಯ ಕಡೆ ಬಾಗಿಲಿರುವ ಒಂದು ಖೋಲಿ ಇದೆ. ಮೊದಲು ಅದರಲ್ಲಿ ಜೋಳದ ಚೀಲ ಒಟ್ಟುತ್ತಿದ್ದರು. ನನ್ನ ಗಂಡನ ಅಣ್ಣ, ಮನೆಗೆ ಹಿರಿಯರಾದ ನಮ್ಮ ಭಾವ, ಕಾಳಿನ ವ್ಯಾಪಾರವನ್ನೆಲ್ಲ ಎಪಿಎಂಸಿಗೆ ಒಯ್ದ ಮೇಲೆ ಆ ಖೋಲಿ ಖಾಲಿ ಬಿತ್ತು. ನಾನು ಇಲಿ ಓಡಿಸಿ, ಸುಣ್ಣ ಹೊಡೆಸಿ, ಜಮಖಾನೆ ಹಾಸಿ ಅಲ್ಲಿ ಕೌದಿ ಹೊಲಿಯಲು ಕೂತೆ. ಪಕ್ಕದ ಓಣಿಯ ಆಪಾ ಜೊತೆಗೂಡಿದರು. ಅವರಿಗೂ ಮನೆಯಿಂದ ಹೊರಬಂದು ಕೂರಲು ಒಂದು ಜಾಗ ಬೇಕಿತ್ತು, ನನಗೂ ಬೇಕಿತ್ತು. ಇಬ್ಬರೂ ಎದುರುಬದುರು ಕೂತು ಒಂದೇ ಕೌದಿಯ ಎರಡು ಅಂಚಿನಿಂದ ಹೊಲಿಯುತ್ತ ಬಂದು ನಡುವೆ ಭೇಟಿಯಾಗುತ್ತಿದ್ದೆವು.

ನಾವು ಹೊಲಿಯುವುದು ತಾಯಂದಿರ ಸೀರೆಗಳ ಕೌದಿ. ತಾಯಿ ಹೋದ ಮೇಲೆ ಅವಳು ಉಟ್ಟ ಸೀರೆಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಬೇರೆಯವರಿಗೆ ಕೊಡಲು ಮನಸ್ಸು ಬರುವುದಿಲ್ಲ, ಟ್ರಂಕಿನಲ್ಲಿ ಇಟ್ಟರೆ ಮಡಿಕೆಯಲ್ಲಿ ಹರಿಯುತ್ತವೆ. ಅಂಥ ಸೀರೆಗಳನ್ನು ತಂದುಕೊಟ್ಟರೆ ನಾವು ಪದರ ಹಾಕಿ, ಮೇಲೆ ಅವಳಿಗೆ ಇಷ್ಟವಾದ ಸೀರೆ ಬರುವಂತೆ ಮಾಡಿ ಕೌದಿ ಹೊಲಿದುಕೊಡುತ್ತೇವೆ. ಹೊದ್ದವರಿಗೆ ಅದು ಬರಿಯ ಹೊದಿಕೆಯಲ್ಲ. ಈ ಮಾತು ನನ್ನದಲ್ಲ, ಹೊದ್ದವರು ಫೋನ್ ಮಾಡಿ ಹೇಳಿದ್ದು.

ಆದರೆ ನಮ್ಮ ಊರಲ್ಲಿ ಕೌದಿಗೆ ಗಿರಾಕಿ ಇಲ್ಲ. ಎಲ್ಲರ ಮನೆಯಲ್ಲೂ ಹೊಲಿಯುವವರು ಒಬ್ಬರು ಇದ್ದೇ ಇರುತ್ತಾರೆ, ಇಲ್ಲವೆ ಇದ್ದರು. ಗಿರಾಕಿ ಬರಬೇಕಾದರೆ ಹೊರಗಿನಿಂದಲೇ ಬರಬೇಕು. ಹೀಗಿರುವಾಗ ಒಂದು ದಿನ ಭಾವ ಖೋಲಿಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ, ಚಪ್ಪಲಿ ಬಿಡಲಿಲ್ಲ.

"ನೋಡವಾ, ಮೊಬೈಲ್ ಅಂಗಡಿಯಾಂವ ಈ ಖೋಲಿ ಬಾಡಗಿಗೆ ಕೇಳಾಕತ್ತಾನ. ನಾ ಇನ್ನೂ ಹೂಂ ಅಂದಿಲ್ಲ. ದೀಪಾವಳಿಗೆ ಇನ್ನೂ ಮೂರು ತಿಂಗಳೈತಿ, ಅಲ್ಲೀ ಮಟಾ ನೋಡ್ತೇನಿ. ಹೊರಗಿನ ಮಂದಿ ಬಂದು ನಿನ್ನ ಕೆಲಸ ಹತ್ತಿದ್ರ ಖೋಲಿ ನಿಂದ. ಇಲ್ಲಾಂದ್ರ ನೀವಿಬ್ರೂ ಅಡಗಿಮನಿ ಹಿಂದ ಕುಂದರ್ರಿ, ಅಲ್ಲೂ ಜಾಗಾ ಐತಿ."

ಅಡಿಗೆಮನೆಯ ಹಿಂದೆ ಕಟ್ಟಿಗೆ ಒಟ್ಟಿದ್ದರು. ಅಲ್ಲಿ ಕೂತರೆ ಐದು ನಿಮಿಷಕ್ಕೊಮ್ಮೆ ಯಾರಾದರೂ ಚಹಾ ಕೇಳುತ್ತಾರೆ. ನಮ್ಮ ಅಡಿಗೆಮನೆ ದಾಟಿ ಆಪಾ ಅಲ್ಲಿಗೆ ಬರುವುದಿಲ್ಲ, ಅವರು ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಗೊತ್ತಿತ್ತು. ನನ್ನ ಗಂಡ ಧಾರವಾಡದ ಕಚೇರಿಗೆ ದಿನಾ ಹೋಗಿ ಬರುವ ಮನುಷ್ಯ, ಅಣ್ಣನ ಮುಂದೆ ಎದುರು ಮಾತಾಡುವವರಲ್ಲ. ಖೋಲಿ ಉಳಿಸಿಕೊಳ್ಳುವುದು ನನ್ನ ಕೈಯಲ್ಲೇ ಇತ್ತು.

ಯಾರೋ ಹೇಳಿದರೆಂದು ವಿದ್ಯಾನಗರದಲ್ಲಿ ಜಾಹೀರಾತು ಮಾಡಿಸುವವನ ಬಳಿ ಹೋದೆ. ಮೂವತ್ತೈದರ ಸುಮಾರಿನ ಮನುಷ್ಯ, ಜಿಮ್ಮಿನ ಮೇಲಿನ ಮಾಳಿಗೆಯಲ್ಲಿ ಆಫೀಸು. ಅವನು ಮಾತಾಡುವಾಗ ಕೆಳಗಿನಿಂದ ಕಬ್ಬಿಣ ಬೀಳುವ ಸದ್ದು ಕೇಳುತ್ತಿತ್ತು. ಮೊಬೈಲಿನಲ್ಲಿ ಯಾರಾದರೂ ಏನಾದರೂ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುತ್ತದಲ್ಲ, ಆ ಜಾಗ ಮಾರಾಟಕ್ಕಿದೆ ಎಂದು ಅವನು ಹೇಳಿದ. ಯಾವ ಶಬ್ದ ಹುಡುಕಿದರೆ ನಮ್ಮ ಜಾಹೀರಾತು ಕಾಣಬೇಕೆಂದು ನಾವು ಮೊದಲೇ ಬರೆದುಕೊಡಬೇಕು. ಅದೇ ಶಬ್ದಕ್ಕೆ ಬೇರೆಯವರೂ ಬರೆದುಕೊಟ್ಟಿರುತ್ತಾರೆ. ಹಾಗಾಗಿ ಪ್ರತಿ ಹುಡುಕಾಟಕ್ಕೂ ಕಣ್ಣುಮುಚ್ಚಿ ತೆಗೆಯುವುದರೊಳಗೆ ಒಂದು ಹರಾಜು ನಡೆಯುತ್ತದೆ. ಕಂಡಿದ್ದಕ್ಕೆ ದುಡ್ಡಿಲ್ಲ, ಯಾರಾದರೂ ಅದನ್ನು ಒತ್ತಿದರೆ ಮಾತ್ರ ದುಡ್ಡು.

"ಒತ್ತಿ, ನೋಡಿ, ಏನೂ ತಗೊಳ್ಳದ ಹೋದ್ರ?" ಎಂದೆ.

"ಆದ್ರೂ ಹೋಗತೈತ್ರಿ."

"ಅದ್ಯಾವ ನ್ಯಾಯಾರಿ? ಸೀರಿ ಅಂಗಡ್ಯಾಗ ರಾಶಿ ಸೀರಿ ಬಿಚ್ಚಿಸಿ ನೋಡಿ ಹೋಗ್ತಾರ. ಅಂಗಡಿಯಾಂವ ಮಡಚಿ ಇಡ್ತಾನ, ಅಷ್ಟ. ನೋಡಾಕ ಬಂದವ್ರ ಲೆಕ್ಕಕ್ಕ ಅಂವ ಓಣಿಗೆ ದಂಡ ಕೊಡ್ತಾನೇನು?"

ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ಮ್ಯಾಡಮ್, ಇದು ಹಂಗs ಇರತೈತ್ರಿ. ಒಮ್ಮೆ ಚಾಲೂ ಮಾಡ್ರಿ, ಆಮ್ಯಾಲೆ ನೀವs ಛಲೋ ಅಂತೀರಿ."

ಶಬ್ದಗಳನ್ನು ಬರೆದುಕೊಡುವಾಗ ನಾನು ಮೊದಲು ಕೌದಿ ಎಂದೆ. ಅವನು ಕಂಪ್ಯೂಟರಿನಲ್ಲಿ ಹಾಕಿ ನೋಡಿ ತಲೆ ಅಲ್ಲಾಡಿಸಿದ. ಕೌದಿ ಎಂದು ಯಾರೂ ಹುಡುಕುವುದಿಲ್ಲವಂತೆ, ಆ ಶಬ್ದಕ್ಕೆ ಹರಾಜೇ ಇಲ್ಲವಂತೆ. ಕ್ವಿಲ್ಟ್ ಅನ್ನಿ, ಬ್ಲಾಂಕೆಟ್ ಅನ್ನಿ, ಹ್ಯಾಂಡ್‌ಮೇಡ್ ಅನ್ನಿ ಎಂದ. ನಾನು ಹುಟ್ಟಿದಾಗ ನನ್ನನ್ನು ಸುತ್ತಿದ್ದು ಕೌದಿಯಲ್ಲಿ. ಆ ಮಾತು ಯಾರಿಗೂ ಬೇಡವಾಗಿದೆ ಎಂದು ಜಿಮ್ಮಿನ ಮೇಲಿನ ಮಾಳಿಗೆಯಲ್ಲಿ ಕೂತು ಕೇಳಬೇಕಾಗಿ ಬಂದದ್ದಕ್ಕೆ ಸಿಟ್ಟು ಬಂತು. ಹಠ ಮಾಡಿ ಅದನ್ನೂ ಹಾಕಿಸಿದೆ, "ಹುಬ್ಬಳ್ಳಿ ಕೌದಿ" ಎಂದೂ ಹಾಕಿಸಿದೆ. ಪುಕ್ಕಟೆ ಇರ್ಲಿ ಬಿಡ್ರಿ ಎನ್ನುವ ಧಾಟಿಯಲ್ಲಿ ಅವನು ಟೈಪು ಮಾಡಿದ.

ಜಾಹೀರಾತು ಶುರುವಾದ ದಿನ ಮನೆಯ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹಾಕಿದೆ. ಅಮ್ಮಿನಬಾವಿಯ ನಾದಿನಿ, ಹೆಬ್ಬಳ್ಳಿಯ ಸೋದರಮಾವ, ಧಾರವಾಡದ ಬೀಗರು, ಎಲ್ಲರೂ ಕೈ ಮುಗಿದರು, ಹೂ ಕಳಿಸಿದರು, ಒಳ್ಳೆಯದಾಗಲಿ ಎಂದರು. ನನಗೆ ಕಣ್ಣು ತುಂಬಿತು. ಈಗ ಅದನ್ನು ನೆನೆಸಿಕೊಂಡರೆ ನನ್ನ ಮೇಲೇ ನನಗೆ ರೇಗುತ್ತದೆ.

ಮೊದಲ ವಾರವೇ ಜಾಹೀರಾತನ್ನು ಒತ್ತುವವರು ಬಂದರು. ಜಾಹೀರಾತಿನವನು ದಿನಾ ಸಂಜೆ ಏರುತ್ತಿರುವ ಗೆರೆಯ ಚಿತ್ರ ಕಳಿಸುತ್ತಿದ್ದ. ಸೂಪರ್ ಮ್ಯಾಡಮ್, ಟಾಪ್ ಮ್ಯಾಡಮ್ ಎಂದು ಬರೆಯುತ್ತಿದ್ದ. ಗೆರೆ ಏರುತ್ತಲೇ ಇತ್ತು, ಫೋನು ಮಾತ್ರ ಬಾಯಿ ಬಿಡಲೊಲ್ಲದು. ಆಪಾ ಸೂಜಿ ಹಿಡಿದು, "ಇವತ್ತು ಯಾರರ ಕೇಳಿದ್ರೇನವಾ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುವುದು ನನಗೆ ಅಭ್ಯಾಸವಾಯಿತು. ಒಂದು ತಿಂಗಳು ಹಾಗೇ ಕಳೆಯಿತು.

ಯಾರು ಏನು ಹುಡುಕಿ ಬಂದು ನಮ್ಮದನ್ನು ಒತ್ತುತ್ತಿದ್ದಾರೆಂದು ನೋಡಬೇಕು, ಖಾತೆ ತೆರೆಯುವ ಪಾಸ್‌ವರ್ಡ್ ಕೊಡಿ ಎಂದರೆ ಅವನು ಕೊಡಲೊಲ್ಲ. "ಅದು ಟೆಕ್ನಿಕಲ್ ಇರತೈತ್ರಿ ಮ್ಯಾಡಮ್, ನಿಮಗ ತಿಳಿಯೂದಿಲ್ಲ." ದುಡ್ಡು ನನ್ನದು, ಅದರ ಕೀಲಿ ಇವನ ಕಿಸೆಯಲ್ಲಿ! ಮರುದಿನ ನಾನು ಅರ್ಧ ಹೊಲಿದ ಕೌದಿಯೊಂದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಅವನ ಆಫೀಸಿಗೆ ಹೋಗಿ ಗಿರಾಕಿಗಳು ಕೂರುವ ಸೋಫಾದ ಮೇಲೆ ಹರವಿಕೊಂಡು ಹೊಲಿಯಲು ಕೂತೆ. ಬಂದ ಇಬ್ಬರು ಗಿರಾಕಿಗಳಿಗೆ ಕೂರಲು ಜಾಗವಿರಲಿಲ್ಲ. ಊಟದ ಹೊತ್ತಿಗೆ ಪಾಸ್‌ವರ್ಡ್ ಬಂತು.

ಮನೆಗೆ ಬಂದು ತೆರೆದು ನೋಡಿದರೆ ಒಳಗೆ ಒಂದು ಜಾತ್ರೆಯೇ ಇತ್ತು. ಬ್ಲಾಂಕೆಟ್ಟಿನ ಕಲೆ ತೆಗೆಯುವುದು ಹೇಗೆ ಎಂದು ಹುಡುಕಿದವರು ನಮ್ಮದನ್ನು ಒತ್ತಿದ್ದರು. ಲಾಡ್ಜಿಗೆ ಸಗಟಿನಲ್ಲಿ ಬೆಡ್‌ಶೀಟು ಬೇಕಾದವರು ಒತ್ತಿದ್ದರು. ಹಳೆಯ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ ಕೊಡುವವರು ಎಲ್ಲಿದ್ದಾರೆ ಎಂದು ಹುಡುಕಿದವರೂ ಒತ್ತಿದ್ದರು. ಅವರ ತಪ್ಪಿಲ್ಲ. ಹತ್ತಿರದ ಅರ್ಥ ಬರುವ ಯಾವ ಹುಡುಕಾಟಕ್ಕಾದರೂ ತೋರಿಸಿಬಿಡು ಎಂದು ಜಾಹೀರಾತಿನವನು ಬಾಗಿಲು ಪೂರ್ತಿ ತೆರೆದಿಟ್ಟು ಕೂತಿದ್ದ. ಯಾವ ಶಬ್ದ ಬಂದರೆ ನಮ್ಮದು ಕಾಣಬಾರದು ಎಂದು ಹೇಳುವುದಕ್ಕೂ ಒಂದು ಜಾಗ ಇದೆ. ಅವನು ಅದನ್ನು ತೆರೆದೇ ನೋಡಿರಲಿಲ್ಲ. ನಾನು ಆಪಾರ ಪಕ್ಕ ಕೂತು ಒಂದೊಂದನ್ನೇ ಅಲ್ಲಿ ತುಂಬಿದೆ. ಕಲೆ, ಸಗಟು, ಲಾಡ್ಜು, ಪಾತ್ರೆ, ಎಲ್ಲಕ್ಕೂ ಬಾಗಿಲು ಹಾಕಿದೆ. ಯಾರೂ ಹೇಳಿಕೊಡಲಿಲ್ಲ, ವಿಡಿಯೋ ನೋಡಿ ನೋಡಿ ಕಲಿತೆ.

ಅದೇ ಪಟ್ಟಿಯಲ್ಲಿ ಒಂದು ಸಂತೋಷವೂ ಕಂಡಿತು. ಯಾರೂ ಹುಡುಕುವುದಿಲ್ಲ ಎಂದಿದ್ದನಲ್ಲ, ಆ "ಹುಬ್ಬಳ್ಳಿ ಕೌದಿ"ಯನ್ನು ದಿನವೂ ಜನ ಹುಡುಕುತ್ತಿದ್ದರು! ಎಲ್ಲಕ್ಕಿಂತ ಹೆಚ್ಚು ಒತ್ತಿದ್ದು ಅದನ್ನೇ. ನಾನು ಆಪಾರಿಗೆ ತೋರಿಸಿ, "ನೋಡ್ರಿ, ಮಂದಿಗೆ ಕೌದಿ ಬೇಕಾಗೇತಿ," ಎಂದು ಕುಣಿಯುವುದೊಂದು ಬಾಕಿ. ಎಲ್ಲಿಂದ ಎಂದು ನೋಡಿದರೆ ಹುಬ್ಬಳ್ಳಿ, ಧಾರವಾಡ. ಯಾವಾಗ ಎಂದು ನೋಡಿದರೆ ಮುಂಜಾನೆ, ಪೂಜೆ ನಾಷ್ಟಾದ ಹೊತ್ತು. ದಿನಕ್ಕೆ ಇಷ್ಟು ಎಂದು ನಾವು ಇಟ್ಟ ದುಡ್ಡಿನ ಬಹುಪಾಲು ಅಷ್ಟರಲ್ಲೇ ಕರಗಿ, ಪುಣೆಯವರು ಮುಂಬೈಯವರು ಮಧ್ಯಾಹ್ನ ಹುಡುಕುವ ಹೊತ್ತಿಗೆ ನಮ್ಮ ಜಾಹೀರಾತು ಮುಸುಕು ಹಾಕಿಕೊಂಡು ಮಲಗಿರುತ್ತಿತ್ತು.

ಊರವರಿಗೇ ಇಷ್ಟು ಬೇಕಾಗಿದ್ದರೆ ಒಬ್ಬರಾದರೂ ಬಾಗಿಲಿಗೆ ಯಾಕೆ ಬರಲಿಲ್ಲ? ಜಾಹೀರಾತಿನವನನ್ನು ಕೇಳಿದೆ.

"ಅದು ನಿಮ್ಮ ಎದುರಾಳಿ ಕೆಲಸಾರಿ ಮ್ಯಾಡಮ್. ನಿಮ್ಮ ರೊಕ್ಕ ಖರ್ಚ ಮಾಡ್ಸಾಕ ಬೇಕಂತಲೇ ಒತ್ತಿಸ್ತಾರ. ಒಂದs ಫೋನಿಂದ ಮ್ಯಾಲಿಂದ ಮ್ಯಾಲೆ ಒತ್ತಿದ್ರ ಕಂಪನಿಯವ್ರು ಹಿಡೀತಾರ. ಇವ್ರು ಶಾಣ್ಯಾರು, ಬ್ಯಾರೆ ಬ್ಯಾರೆ ಫೋನಿಂದ ಒಂದೊಂದs ಸಲ ಒತ್ತಾಕತ್ತಾರ."

ಎದುರಾಳಿ ಎಂದರೆ ಯಾರು? ಮಾರ್ಕೆಟ್ಟಿನಲ್ಲಿ ಬ್ಲಾಂಕೆಟ್ ಮಾರುವವರು ಒಬ್ಬರಿದ್ದರು, ನಮಗೆ ಬಹಳ ವರ್ಷದ ಪರಿಚಯ. ನನ್ನ ತಲೆಗೆ ಅವರೇ ಬಂದರು. ನೆಟ್ಟಗೆ ಅಂಗಡಿಗೆ ಹೋಗಿ, "ಕಾಕಾರ, ಹೆಣ್ಮಕ್ಕಳ ಹೊಟ್ಟಿ ಮ್ಯಾಲೆ ಯಾಕ ಹೊಡ್ಯಾಕತ್ತೀರಿ?" ಎಂದು ಕೇಳಿಯೇಬಿಟ್ಟೆ. ನಾನು ಪೂರ್ತಿ ಹೇಳುವವರೆಗೂ ಆ ಮನುಷ್ಯ ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಅಂಗಿಯ ಕಿಸೆಯಿಂದ ಫೋನು ತೆಗೆದು ನನ್ನ ಮುಂದೆ ಇಟ್ಟರು. ಗುಂಡಿ ಒತ್ತುವ ಹಳೆಯ ಡಬ್ಬಿ ಫೋನು.

"ಇದರಾಗ ನಿಮ್ಮ ಜಾಹೀರಾತು ಎಲ್ಲಿ ಬರತೈತಿ ತೋರ್ಸವಾ, ನಾನೂ ನೋಡ್ತೇನಿ," ಎಂದರು. ಚಹಾ ತರಿಸಿದರು. ಕುಡಿದು ಬಂದೆ.

ದೀಪಾವಳಿ ಹತ್ತಿರವಾಗುತ್ತಿತ್ತು. ಮೊಬೈಲ್ ಅಂಗಡಿಯವನು ಒಂದು ದಿನ ಬಂದು, ನಾವಿಬ್ಬರೂ ಕೂತಿರುವಾಗಲೇ, ಎಲ್ಲಿ ಕಪಾಟು ಎಲ್ಲಿ ಕೌಂಟರು ಎಂದು ಟೇಪು ಹಿಡಿದು ಅಳೆದು ಹೋದ. ಟೇಪು ನನ್ನ ಕಾಲ ಮೇಲೆ ಹಾದುಹೋಯಿತು. ಆಪಾ ತಲೆ ಎತ್ತದೆ ಹೊಲಿಯುತ್ತಲೇ ಇದ್ದರು. ಆ ಸಂಜೆ ನಾನು ಖಾತೆ ತೆರೆದು, ಜಾಹೀರಾತು ಯಾವ ಊರಲ್ಲಿ ಕಾಣಬಾರದು ಎನ್ನುವ ಜಾಗದಲ್ಲಿ ಹುಬ್ಬಳ್ಳಿ, ಧಾರವಾಡ ಮತ್ತು ಸುತ್ತಲಿನ ಹಳ್ಳಿಗಳನ್ನು ಹಾಕಿದೆ. ಎದುರಾಳಿ ಯಾರೇ ಇರಲಿ, ಈಗ ಏನು ಒತ್ತುತ್ತಾನೋ ಒತ್ತಲಿ ಎಂದುಕೊಂಡೆ.

ಮರುದಿನ ಮುಂಜಾನೆ ನಾನು ಖೋಲಿಯ ಕಸ ಹೊಡೆಯುತ್ತಿದ್ದೆ. ಆಪಾ ಆಗಷ್ಟೇ ಬಂದಿದ್ದರು. ಭಾವ ಮಾಳಿಗೆಯಿಂದ ದಡದಡ ಇಳಿದು ಬಂದರು. ಲಿಂಗಪೂಜೆ ಮುಗಿಸಿ ಹಣೆಗೆ ಹಚ್ಚಿದ ವಿಭೂತಿ ಇನ್ನೂ ಹಸಿ ಇತ್ತು, ಕೈಯಲ್ಲಿ ಮೊಬೈಲು. ಗಾಬರಿಯಾಗಿದ್ದರು.

"ಯವ್ವಾ, ನಿನ್ನ ಜಾಹೀರಾತು ಎಲ್ಲಿ ಹೋತು? ಹುಬ್ಬಳ್ಳಿ ಕೌದಿ ಅಂತ ಮೊಬೈಲಿಗೆ ನಾಕು ಸಲ ಒದರಿದೆ, ಬರವಲ್ದು ನೋಡು! ಬೋಣಿ ಮಾಡಾಕ ಸಿಗವಲ್ದು!"

ನನಗೆ ತಲೆಬುಡ ತಿಳಿಯಲಿಲ್ಲ. "ಏನ್ ಬೋಣಿರಿ ಭಾವಾರ?"

"ಏನ್ ಬೋಣಿ ಅಂದ್ರ? ದಿನಾ ಮುಂಜಾನೆ ನಾನs ಒತ್ತತೇನಲ್ಲ! ಮನಿಗೆ ಹಿರ್ಯಾವ, ಮೊದಲ ಕೈ ನಂದ ಆಗಬೇಕಲ್ಲ. ಆಮ್ಯಾಲೆ ಉಳದವ್ರೆಲ್ಲಾ ಒತ್ತತಾರ. ಎಲ್ಲಾರಿಗೂ ಹೇಳೀನಿ ನಾ, ಒಬ್ಬೊಬ್ರು ದಿನಕ್ಕ ಒಂದs ಸಲ, ತಪ್ಪಿಸಬಾರ್ದು ಅಂತ. ನಿನಗ ಹೇಳಬ್ಯಾಡ್ರಿ ಅಂದಿದ್ದೆ. ಹೇಳಿ ಮಾಡೂದು ಛಲೋ ಅಲ್ಲ."

ಅವರ ಹಿಂದೆಯೇ ನನ್ನ ನೆಗೆಣ್ಣಿ, ಭಾವನ ಹೆಂಡತಿ, ಸೆರಗಿಗೆ ಕೈ ಒರೆಸುತ್ತ ಬಂದರು. "ನಂದ್ರಾಗೂ ಬರವಲ್ದು. ಅಮ್ಮಿನಬಾವಿಯಿಂದನೂ ಫೋನ್ ಬಂದಿತ್ತು, ಅಲ್ಲೂ ಇಲ್ಲಂತ."

ಅಂಗಡಿ ಬಾಗಿಲು ತೆಗೆದ ಮೇಲೆ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಬೇಕು ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಹೊಸ ಅಂಗಡಿ ತೆರೆದರೆ ನಂಟರು ನಸುಕಿನಲ್ಲೇ ಬಂದು ಬೋಣಿ ಮಾಡಿ ಹೋಗುತ್ತಾರೆ. ನನ್ನ ಅಂಗಡಿ ಮೊಬೈಲಿನಲ್ಲಿದೆ, ಅದರ ಬಾಗಿಲೆಂದರೆ ಜಾಹೀರಾತು, ಅದನ್ನು ಒತ್ತಿದರೆ ಬೋಣಿಯಾಯಿತು ಎಂದು ಇವರು ಲೆಕ್ಕ ಹಾಕಿದ್ದರು. ಎದುರಾಳಿ ಯಾರೂ ಇರಲಿಲ್ಲ. ಪೂಜೆ ಮುಗಿಸಿ, ದೇವರ ಮುಂದೆ ನಿಂತು, ನನ್ನ ಒಳ್ಳೆಯದಕ್ಕೆಂದು ಇಡೀ ಬಳಗ ನನ್ನ ದುಡ್ಡು ಸುಟ್ಟಿತ್ತು.

ನಗಬೇಕಾಗಿತ್ತೇನೋ. ನೆಗೆಣ್ಣಿ ಆಮೇಲೆ, "ನೀ ನಗ್ತಿ ಅಂತ ನಾ ಮಾಡಿದ್ದೆ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಕಸಬರಿಗೆ ಬಿಸಾಕಿದೆ. ಮದುವೆಯಾಗಿ ಬಂದಂದಿನಿಂದ ಭಾವನ ಮುಂದೆ ದನಿ ಏರಿಸಿದವಳಲ್ಲ, ಅವತ್ತು ಏರಿಸಿದೆ.

"ಒತ್ತಿದ್ದಕ್ಕೆಲ್ಲ ರೊಕ್ಕ ಹೋಗತೈತ್ರಿ ಭಾವಾರ! ನೀವು ಒಮ್ಮೆ ಒತ್ತಿದ್ರ ಒಬ್ಬ ಗಿರಾಕಿ ಹೋದಂಗ! ಈ ಖೋಲಿ ಕಸಗೊಳ್ಳಾಕ ಮೊಬೈಲಿನಾಂವ ಬ್ಯಾಡಾಗಿತ್ತು, ನಿಮ್ಮ ಬೆರಳs ಸಾಕಾತು!"

ಭಾವನ ಮುಖ ಬಿಳಿಚಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಹಂಗಂತ ಯಾರೂ ಹೇಳಲಿಲ್ಲಲ್ಲವಾ," ಎಂದರು.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಅಷ್ಟು ದಿನ ನನ್ನನ್ನು ಕಾಡುತ್ತಿದ್ದದ್ದು ದುಡ್ಡಲ್ಲ ಎಂದು ನನಗೆ ಆಗ ತಿಳಿಯಿತು.

"ಅದು ಹೋಗ್ಲಿರಿ. ಬೋಣಿ ಅಂದ್ರ ಏನ್ರಿ? ರೊಕ್ಕ ಕೊಟ್ಟು ಸಾಮಾನು ತಗೊಳ್ಳೂದು. ನಿಮ್ಮ ಅಂಗಡ್ಯಾಗ ಯಾರರ ಬರೇ ಚೀಲಾ ಮುಟ್ಟಿ ಹೋದ್ರ ಬೋಣಿ ಅಂತೀರೇನು? ಇಷ್ಟು ಮಂದಿ ಇಷ್ಟು ದಿನಾ ಒತ್ತೀರಿ. ಒಬ್ರರ, ಒಬ್ಬರs ಒಬ್ರು, ಒಂದು ಕೌದಿ ಹೊಲಿಸಿಕೊಂಡ್ರೇನ್ರಿ?"

ಭಾವ ಹೇಳಿದ ಮಾತಿನಲ್ಲಿ ಒಂಚೂರೂ ಕೊಂಕಿರಲಿಲ್ಲ, ಅದೇ ನನ್ನನ್ನು ಸುಟ್ಟಿತು.

"ಅಲ್ಲವಾ, ಮನ್ಯಾಗಿನ ಹೆಣ್ಮಕ್ಕಳು ಹೊಲಿದ ಕೌದಿಗೆ ರೊಕ್ಕ ಯಾರ ಕೊಡ್ತಾರ?"

"ಹೌದ್ರಿ. ಯಾರೂ ಕೊಡೂದಿಲ್ಲ. ರಾತ್ರಿ ನೀವು ಹೊಚ್ಚಿಕೊಂಡ ಮಲಗೂ ಕೌದಿ ಯಾರದ್ರಿ? ನನ್ನ ಮೊದಲನೇ ಬಾಣಂತನ ಮುಗದು ಬಂದಾಗ ಹೊಲದು ಕೊಟ್ಟೇನಿ. ಛಲೋ ಐತಿ ಅಂತನೂ ನೀವು ಇವತ್ತಿನ ಮಟಾ ಅಂದಿಲ್ಲ. ಮೂರು ತಿಂಗಳ ವಾಯಿದೆ ಕೊಟ್ರಿ, ಅದನ್ನ ನೀವs ತಿಂದ್ರಿ. ವ್ಯಾಪಾರಸ್ಥರು ನೀವು, ತೂಕದಾಗ ಕಡಿಮಿ ಬಿದ್ರ ಏನ್ ಮಾಡ್ತೀರಿ, ನೀವs ಹೇಳ್ರಿ."

ಭಾವ ಮೊಬೈಲು ಕಿಸೆಗೆ ಹಾಕಿಕೊಂಡು ನಾಷ್ಟಾನೂ ಮಾಡದೆ ಎಪಿಎಂಸಿಗೆ ಹೊರಟುಹೋದರು. ಸಂಜೆ ಗಂಡ ಧಾರವಾಡದಿಂದ ಬಂದು ಸುದ್ದಿ ಕೇಳಿ, "ಅಣ್ಣಗ ಹಂಗ ಅನ್ನಬಾರದಾಗಿತ್ತು," ಎಂದರು. ಅವರ ತಟ್ಟೆಗೆ ರೊಟ್ಟಿ ಹಾಕಿ ಎದ್ದೆ. ಹಿರಿಯರ ಮನಸ್ಸು ನೋಯಿಸಿದೆ ಎಂಬ ಸಂಕಟ ನನಗೂ ಇತ್ತು. ಆಡಿದ ಮಾತು ಖರೇ ಎಂಬುದೂ ಅಷ್ಟೇ ಗಟ್ಟಿಯಾಗಿ ಕೂತಿತ್ತು.

ಮರುದಿನ ನಾನೂ ಆಪಾನೂ ಹೊಲಿಯುತ್ತ ಕೂತಾಗ ಭಾವ ಬಂದರು. ಈ ಸಲ ಚಪ್ಪಲಿ ಹೊರಗೆ ಬಿಟ್ಟು ಖೋಲಿಯ ಒಳಗೆ ಬಂದರು. ಬಗಲಲ್ಲಿ ಮಡಚಿದ ಆ ಕೌದಿ ಇತ್ತು. ಒಗೆದು ಒಗೆದು ಬಣ್ಣ ಹೋಗಿ, ಒಂದು ಮೂಲೆ ಬಿಚ್ಚಿತ್ತು. ಅದನ್ನು ಜಮಖಾನೆಯ ಮೇಲೆ ಇಟ್ಟರು.

"ಮೊಬೈಲ್ ಅಂಗಡಿಯಾಂವಗ ಬ್ಯಾರೆ ಖೋಲಿ ನೋಡ್ಕೊ ಅಂತ ಹೇಳೀನಿ," ಎಂದರು. ನನ್ನ ಮುಖ ನೋಡಲಿಲ್ಲ. "ಇದಕ್ಕ ಎಷ್ಟಾಗತೈತಿ?"

"ಮೂಲಿ ಹೊಲ್ಯಾಕ ಏನೂ ಬ್ಯಾಡ್ರಿ," ಎಂದೆ.

"ಮೂಲಿ ಅಲ್ಲ. ಕೌದಿಗೆ."

ನಾನು ಹೊರಗಿನ ಗಿರಾಕಿಗೆ ಹೇಳುವ ಬೆಲೆ ಹೇಳಿದೆ. ಅವರ ಹುಬ್ಬು ಮೇಲೇರಿತು. ವ್ಯಾಪಾರಿ ಜೀವ, ಸುಮ್ಮನಿರಲಾಗಲಿಲ್ಲ.

"ಹಳೇದ ಐತಲ್ಲ ಇದು," ಎಂದರು.

"ಹೊಲಿದಾಗ ಹೊಸದಿತ್ರಿ."

ಅವರು ಅಂಗಿಯ ಒಳಕಿಸೆಗೆ ಕೈ ಹಾಕಿ, ದುಡ್ಡು ತೆಗೆದು ನನ್ನ ಮುಂದೆ ಚಾಚಿದರು. ಮನೆಯ ಸೊಸೆಯಾದವಳು ಇಂಥ ಹೊತ್ತಿನಲ್ಲಿ ಬೇಡ ಭಾವಾರ, ಇರಲಿ ಬಿಡಿ, ನಮ್ಮ ನಮ್ಮಲ್ಲೇ ಇದೇನು ಎನ್ನಬೇಕು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆಪಾ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ನಾನು ಬೇಡ ಅನ್ನಲಿಲ್ಲ. ಕೈ ಚಾಚಿ ತೆಗೆದುಕೊಂಡೆ.